ಹಳೇ ಫೋರ್ಡು, ಹೊಸ ಎಂಜಿನ್ನು, ಹತ್ತೆಂಟು ಭ್ರಮೆಗಳು

ಅಮೆರಿಕದ ಟಿ.ವಿ. ಷೋಗಳಲ್ಲಿ ಹಳೇ ಕಾರಿಗೆ ಮರುಜನ್ಮ ಬರಲು ಮುಕ್ಕಾಲು ಗಂಟೆ ಸಾಕು. ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದ 1932ರ ಫೋರ್ಡು ಮೊದಲ ಜಾಹೀರಾತಿನ ಹೊತ್ತಿಗೆ ಪೂರ್ತಿ ಬಿಚ್ಚಿಹೋಗಿರುತ್ತದೆ, ಎರಡನೆಯದರ ಹೊತ್ತಿಗೆ ಬಣ್ಣ ಬಳಿಸಿಕೊಂಡಿರುತ್ತದೆ, ಮೂರನೆಯದು ಮುಗಿಯುವಾಗ ಗುಡುಗುತ್ತಾ ರಸ್ತೆಗೆ ಇಳಿದಿರುತ್ತದೆ. ನಡುವೆ ಸಿಗದ ಬೋಲ್ಟು, ಒಪ್ಪದ ಬ್ರಾಕೆಟ್ಟು, ಎರಡು ಸಲ ತರಿಸಿದರೂ ತಪ್ಪಾಗಿಯೇ ಬಂದ ಬೇರಿಂಗು, ಇವು ಯಾವುವೂ ಪರದೆಯ ಮೇಲೆ ಬರುವುದಿಲ್ಲ. ಅಲ್ಲಿ ನೆಲೆಸಿ ಮನೆಗೊಂದು ದೊಡ್ಡ ಗ್ಯಾರೇಜ್ ಇರುವ ನಮ್ಮವರೂ, ಇಲ್ಲಿ ಮೊಬೈಲಿನಲ್ಲಿ ಅದೇ ಷೋ ನೋಡುವ ಹುಡುಗರೂ ಹಾಟ್ ರಾಡ್ ಎಂದರೆ ದೊಡ್ಡ ಎಂಜಿನ್ ಕೂರಿಸಿದ ಹಳೇ ಕಾರು ಎಂದಷ್ಟೇ ತಿಳಿದುಕೊಳ್ಳುತ್ತಾರೆ. ಈ ಕೆಲಸದಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಗೊತ್ತಿರುವ ಸಂಗತಿ ಬೇರೆ: ಒಂದು ಭಾಗ ಬದಲಾಯಿಸಿದರೆ ಅದು ಪಕ್ಕದ ಭಾಗಕ್ಕೆ ಬಿಲ್ ಕಳಿಸುತ್ತದೆ. ಆ ಬಿಲ್ಲುಗಳ ಲೆಕ್ಕ ಇಟ್ಟವರ ಕಾರು ರಸ್ತೆಗೆ ಬರುತ್ತದೆ, ಇಡದವರದು ಗ್ಯಾರೇಜಿನಲ್ಲೇ ಧೂಳು ತಿನ್ನುತ್ತದೆ.

ತಪ್ಪು ಕಲ್ಪನೆ: ಹಾಟ್ ರಾಡ್ ದುಡ್ಡಿದ್ದವರ ಷೋಕಿ

ವಾಸ್ತವ: ಇವತ್ತಿನ ಪ್ರದರ್ಶನಗಳನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಹುಟ್ಟಿದ್ದು ಮಾತ್ರ ಜೇಬು ಖಾಲಿ ಇದ್ದ ಹುಡುಗರ ಕೈಯಲ್ಲಿ. ಫೋರ್ಡ್ ಕಂಪನಿ 1908ರಿಂದ 1927ರ ತನಕ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿ ಅಮೆರಿಕದ ತುಂಬ ಹರಡಿತ್ತು. ಮುಂದಿನ ದಶಕದಲ್ಲಿ ಅವು, ಅವುಗಳ ಹಿಂದೆಯೇ ಬಂದ ಮಾಡೆಲ್ ಎ ಕಾರುಗಳು ಗುಜರಿ ಬೆಲೆಗೆ ಸಿಗತೊಡಗಿದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು ಮಡ್‌ಗಾರ್ಡು, ಬಾನೆಟ್ಟು, ಸ್ಟೆಪ್ನಿ, ಬಂಪರ್ ಎಲ್ಲವನ್ನೂ ಕಿತ್ತುಹಾಕಿದರು. ಸೇರಿಸಿದ್ದಕ್ಕಿಂತ ಕಿತ್ತದ್ದೇ ಹೆಚ್ಚು, ಏಕೆಂದರೆ ಕೀಳುವುದಕ್ಕೆ ದುಡ್ಡು ಬೇಕಿಲ್ಲ. ತೂಕ ಇಳಿದರೆ ಅದೇ ಎಂಜಿನ್ ಹೆಚ್ಚು ಜೋರಾಗಿ ಓಡುತ್ತದೆ ಎಂಬ ಲೆಕ್ಕ ಸರಳವಾಗಿತ್ತು.

ಲಾಸ್ ಏಂಜಲೀಸ್‌ನ ಆಚೆ ಮೊಹಾವಿ ಮರುಭೂಮಿಯಲ್ಲಿ ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಕೆರೆಯಂಗಳ ಹಲಗೆಯ ಹಾಗೆ ಮಟ್ಟಸ, ಗಟ್ಟಿ. ವಾರದ ದಿನಗಳಲ್ಲಿ ಕೆಲಸಕ್ಕೆ ಒಯ್ಯುವ ಕಾರನ್ನೇ ಭಾನುವಾರ ಅಲ್ಲಿಗೆ ತಂದು, ದೀಪ, ಗ್ಲಾಸು ಬಿಚ್ಚಿಟ್ಟು, ವೇಗ ಅಳೆಸಿಕೊಂಡು, ಮತ್ತೆ ಜೋಡಿಸಿ ಊರಿಗೆ ಮರಳುತ್ತಿದ್ದರು. ಮುಂದೆ ಬಿಡಿಭಾಗಗಳ ದೊಡ್ಡ ಹೆಸರಾದ ವಿಕ್ ಎಡೆಲ್‌ಬ್ರಾಕ್ ಕೂಡ ದಿನಬಳಕೆಯ 1932ರ ಫೋರ್ಡ್ ರೋಡ್‌ಸ್ಟರ್‌ನಲ್ಲೇ ಈ ಕೆರೆಗಳಿಗೆ ಹೋಗಿಬರುತ್ತಿದ್ದವರು. ಹುಡುಗರ ಕ್ಲಬ್ಬುಗಳು ಒಂದಾಗಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಮುರಾಕ್ ಸೈನ್ಯದ ಪಾಲಾಯಿತು; ಇಂದಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮೆಕ್ಯಾನಿಕ್ ಕೆಲಸ ಕಲಿತ ಹುಡುಗರು ಊರಿಗೆ ಮರಳಿದರು, ಹವ್ಯಾಸ ಕಾಳ್ಗಿಚ್ಚಾಯಿತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ಶುರುಮಾಡಿದರು. ಮರುವರ್ಷವೇ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗದ ಜಾತ್ರೆ ನೆರೆಯಿತು. ಬೀದಿ ರೇಸಿಗೆ ಕಡಿವಾಣ ಹಾಕಲು 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಬೆಂಕಿಯ ನಾಲಿಗೆ ಬರೆದ ಬಾನೆಟ್ಟು, ಫಳಫಳ ಕ್ರೋಮು ಇವೆಲ್ಲ ಕಾರಿನ ಮೇಲೆ ಮೆರೆಯತೊಡಗಿದ್ದು ಈ ಹುಡುಗರ ಕೈಗೆ ನಾಲ್ಕು ಕಾಸು ಬಂದ ಮೇಲೆ.

ತಪ್ಪು ಕಲ್ಪನೆ: ಹಳೇ ಕಾರನ್ನು ಕೊಯ್ಯುವುದು ಇತಿಹಾಸಕ್ಕೆ ಬಗೆವ ದ್ರೋಹ

ವಾಸ್ತವ: ಯಾವ ಕಾರು ಎಂಬುದರ ಮೇಲೆ ಇದಕ್ಕೆ ಉತ್ತರ. ಎಂಜಿನ್ನು, ಗೇರ್‌ಬಾಕ್ಸು, ಒಳಗಿನ ಬಟ್ಟೆ ಸಹಿತ ಇಡಿಯಾಗಿ ಉಳಿದ 1932ರ ಫೋರ್ಡು ಕೈಗೆ ಸಿಕ್ಕಿದರೆ ಗರಗಸ ಕೆಳಗಿಡಿ. ಅಂಥವು ಈಗ ಬೆರಳೆಣಿಕೆಯಷ್ಟು, ಅವನ್ನು ಕೊಯ್ದವರನ್ನು ನಾನೂ ಕ್ಷಮಿಸಲಾರೆ. ಆದರೆ 1940ರ ದಶಕದಲ್ಲೇ ಯಾರೋ ಕೊಯ್ದು, ಬೆಸೆದು, ಕೆರೆಯಂಗಳದಲ್ಲಿ ಓಡಿಸಿದ ಕಾರು ಸಿಕ್ಕಿತೆನ್ನಿ. ಅದನ್ನು 'ಮೂಲ ಸ್ಥಿತಿಗೆ' ಒಯ್ಯುತ್ತೇನೆಂದು ಅಂಗಡಿಯ ಮಡ್‌ಗಾರ್ಡ್ ತಂದು ಹೊದಿಸಿದರೆ ಅಳಿಸಿಹೋಗುವುದು ನಿಜವಾದ ಇತಿಹಾಸವೇ. ಹಾಟ್ ರಾಡ್‌ನ ಜೀರ್ಣೋದ್ಧಾರ ಎಂದರೆ ಅದನ್ನು ಹಾಟ್ ರಾಡ್ ಆಗಿಯೇ ಉಳಿಸುವುದು. ಯಾವ ವರ್ಷದ ರೂಪಕ್ಕೆ ತರಬೇಕು, ಆ ವರ್ಷ ಯಾವ ಕಾರ್ಬ್ಯುರೇಟರ್ ಇತ್ತು, ಚಕ್ರ ಯಾವುದು, ಬಣ್ಣ ಯಾವುದು ಎಂದು ಹಳೇ ಫೋಟೋ ಹಿಡಿದು ಹುಡುಕುವವರಿದ್ದಾರೆ.

ಮಡಿವಂತ ಕಾರುಗಳ ಸಂತೆ ಎನಿಸಿದ್ದ ಪೆಬಲ್ ಬೀಚ್ ಪ್ರದರ್ಶನವೇ 1997ರಲ್ಲಿ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. ಮೊದಲ ಬಹುಮಾನ ಪಡೆದದ್ದು ಡೋನ್ ಸ್ಪೆನ್ಸರ್ ರೂಪಿಸಿದ್ದ 1932ರ ಫೋರ್ಡ್ ರೋಡ್‌ಸ್ಟರ್. ಡ್ಯೂಸನ್‌ಬರ್ಗ್, ಬುಗಾಟಿಗಳು ನಿಲ್ಲುವ ಹುಲ್ಲುಹಾಸಿನ ಮೇಲೆ ಅದೂ ನಿಂತಿತು.

ತಪ್ಪು ಕಲ್ಪನೆ: ಬಾಡಿ ಹೊಸದಾದರೆ ಕಾರು ನಕಲಿ

ವಾಸ್ತವ: 1932ರ ಫೋರ್ಡಿನ ನಂಬರ್ ಇರುವುದು ಬಾಡಿಯ ಮೇಲಲ್ಲ, ಚಾಸಿಯ ಎಡ ಉಕ್ಕಿನ ಮೇಲೆ. ಓಹಾಯೋದ ಬ್ರೂಕ್‌ವಿಲ್ ರೋಡ್‌ಸ್ಟರ್ ಕಂಪನಿ ಇವತ್ತಿಗೂ ಹೊಸ ಉಕ್ಕಿನ ತಗಡಿನಲ್ಲಿ ಆ ಬಾಡಿಗಳನ್ನು ಒತ್ತುತ್ತದೆ, ಫೈಬರ್‌ಗ್ಲಾಸಿನವು ಅದಕ್ಕೂ ಅಗ್ಗ. ಜರಡಿಯಂತಾದ ತಗಡಿಗೆ ವರ್ಷಗಟ್ಟಲೆ ತೇಪೆ ಹಾಕುವ ಬದಲು ಹೊಸ ಬಾಡಿ ತರುವುದು ಎಷ್ಟೋ ಸಲ ಜಾಣತನ. ಮಾರುವಾಗ ಹಳೆಯದೆಂದು ಹೇಳದಿದ್ದರೆ ಸರಿ, ನಾಚಿಕೆಪಡುವಂಥದ್ದೇನಿಲ್ಲ.

ನೋಡಬೇಕಾದ್ದು ಕಾಗದಪತ್ರ. ಚಾಸಿಯೂ ಹೊಸದಾದರೆ ಹಲವು ರಾಜ್ಯಗಳಲ್ಲಿ ಅದು 'ವಿಶೇಷವಾಗಿ ಕಟ್ಟಿದ ವಾಹನ' ಎಂದು ನೋಂದಣಿಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರಿಗೆ ಹೊಗೆ ನಿಯಮದಲ್ಲಿ ವಿನಾಯಿತಿ ಸಿಗುವುದು ವರ್ಷಕ್ಕೆ 500 ಮಂದಿಗೆ ಮಾತ್ರ. ಚಾಸಿ ನಂಬರಿಗೂ ಕಾಗದದ ನಂಬರಿಗೂ ಹೊಂದಿಕೆ ಇದೆಯೇ ಎಂದು ದುಡ್ಡು ಎಣಿಸುವ ಮೊದಲು ನೋಡಿ, ಆಮೇಲೆ ನೋಡಿ ಫಲವಿಲ್ಲ.

ತಪ್ಪು ಕಲ್ಪನೆ: ಮೊದಲು ಎಂಜಿನ್, ಉಳಿದದ್ದು ಆಮೇಲೆ

ವಾಸ್ತವ: ಎಲ್ಲಕ್ಕಿಂತ ದುಬಾರಿ ಬೀಳುವ ಭ್ರಮೆ ಇದು. 1932ರ ಮಾರ್ಚ್ ಕೊನೆಯಲ್ಲಿ ಹೆನ್ರಿ ಫೋರ್ಡ್ ಹೊರತಂದ ವಿ8 ಕಾರಿನ ಎಂಜಿನ್ 221 ಘನ ಅಂಗುಲ, ಅಂದರೆ 3.6 ಲೀಟರ್, ಶಕ್ತಿ 65 ಅಶ್ವಶಕ್ತಿ. ಸಾಮಾನ್ಯ ಜನ ಕೊಳ್ಳುವ ಬೆಲೆಗೆ ವಿ8 ಸಿಕ್ಕಿದ್ದೇ ಆಗ ದೊಡ್ಡ ಸುದ್ದಿ. ಕಾರಿನ ಚಾಸಿ, ಬ್ರೇಕು, ಸ್ಟೀರಿಂಗು, ಹಿಂದಿನ ಆಕ್ಸಲ್ಲು ಎಲ್ಲವೂ ಆ 65ಕ್ಕೆ ತಕ್ಕಂತೆ ಮಾಡಿದವು. ಷೆವ್ರೊಲೆ 1955ರಲ್ಲಿ ತನ್ನ ಚಿಕ್ಕ ವಿ8 ತಂದಾಗ ಅದರ ಸಾದಾ ರೂಪದಲ್ಲೇ 162 ಅಶ್ವಶಕ್ತಿ ಇತ್ತು. ಅದೇ ವಂಶದ 350 ಘನ ಅಂಗುಲದ ಎಂಜಿನ್ನಿನಿಂದ ಇವತ್ತು 300 ತೆಗೆಯುವುದು ಕಷ್ಟವಲ್ಲ. ಗ್ಯಾರೇಜಿನಲ್ಲಿ ಚೈನ್ ಪುಲ್ಲಿ ಕಟ್ಟಿ ಅದನ್ನು ಇಳಿಸಿದ ದಿನ ಸಂಭ್ರಮವೋ ಸಂಭ್ರಮ. ಬಿಲ್ಲುಗಳು ಬರತೊಡಗುವುದೂ ಅವತ್ತೇ.

ಮೊದಲ ಬಿಲ್ ಚಾಸಿಯದು. 1932ರ ಚಾಸಿಯ ಉಕ್ಕು ಒಂದು ಬದಿ ತೆರೆದ ಕಾಲುವೆಯಾಕಾರದ್ದು. ಹೊಸ ಎಂಜಿನ್ನಿನ ತಿರುಚುವ ಬಲಕ್ಕೆ ಅದು ನುಲಿಯುತ್ತದೆ, ಬಾಗಿಲ ಸಂದುಗಳು ಒಂದೆಡೆ ಅಗಲ, ಇನ್ನೊಂದೆಡೆ ಬಿಗಿ ಆಗುತ್ತವೆ. ತೆರೆದ ಬದಿಗೆ ಉಕ್ಕಿನ ಪಟ್ಟಿ ಬೆಸೆದು ಪೆಟ್ಟಿಗೆ ಮಾಡಿಕೊಳ್ಳಬೇಕು. ಒಂದೇ ಕಡೆ ಉದ್ದಕ್ಕೂ ವೆಲ್ಡಿಂಗ್ ಎಳೆದರೆ ಕಾವಿಗೆ ಚಾಸಿಯೇ ಬಾಗಿಹೋಗುವುದರಿಂದ ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಎಂದು ಜಾಗ ಬದಲಿಸುತ್ತಾ ಬೆಸೆಯಬೇಕು. ಎರಡನೆಯ ಬಿಲ್ ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲ್‌ನದು. ಹಳೇ ಮೂರು ಗೇರಿನ ಪೆಟ್ಟಿಗೆಯ ಹಲ್ಲುಗಳು ಎರಡು-ಮೂರು ಜೋರು ಸ್ಟಾರ್ಟಿಗೇ ಉದುರುತ್ತವೆ. 1957ರಲ್ಲಿ ಬಂದ ಫೋರ್ಡಿನ 9 ಅಂಗುಲದ ಆಕ್ಸಲ್ ಹಾಟ್ ರಾಡ್‌ಗಳಲ್ಲಿ ಅಷ್ಟು ಕಾಣುವುದಕ್ಕೆ ಕಾರಣ ಇದೇ.

ಮೂರನೆಯದು ಬ್ರೇಕು. ಅದು ಬಾಕಿ ಉಳಿದರೆ ಜೀವವೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. 1932ರ ಫೋರ್ಡಿನಲ್ಲಿ ಪೆಡಲ್ಲಿನಿಂದ ಚಕ್ರದವರೆಗೆ ಕಬ್ಬಿಣದ ಕಂಬಿಗಳೇ ಎಳೆಯುವ ಬ್ರೇಕು. ಬೇರೆ ಕಂಪನಿಗಳು ಎಣ್ಣೆ ಒತ್ತಡದ ಬ್ರೇಕಿಗೆ ಬದಲಾದರೂ ಹೆನ್ರಿ ಫೋರ್ಡ್ ಹಟ ಬಿಡಲಿಲ್ಲ, 1939ರ ಮಾಡೆಲ್‌ವರೆಗೆ ಕಾಯಿಸಿದರು. ಆ 1939ರಿಂದ 1948ರವರೆಗಿನ ಎಣ್ಣೆ ಬ್ರೇಕುಗಳು ಸಣ್ಣಪುಟ್ಟ ಅಡಾಪ್ಟರ್ ಇಟ್ಟರೆ 1932ರ ಆಕ್ಸಲ್‌ಗೂ ಕೂರುತ್ತವೆ. ಯುದ್ಧಾನಂತರದ ಹುಡುಗರು ಮೊದಲು ಮಾಡುತ್ತಿದ್ದ ಬದಲಾವಣೆಗಳಲ್ಲಿ ಇದೂ ಒಂದು ಎಂಬುದನ್ನು ಇಂದಿನ ಷೋಗಳು ಹೇಳುವುದೇ ಇಲ್ಲ.

ಈಗ ಡಿಸ್ಕ್ ಬ್ರೇಕ್ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಹಾಟ್ ರಾಡ್‌ನಲ್ಲಿ ಮಾಸ್ಟರ್ ಸಿಲಿಂಡರ್ ಬಹುಮಟ್ಟಿಗೆ ಕಾಲಡಿಯ ನೆಲದ ಕೆಳಗಿರುತ್ತದೆ, ಅಂದರೆ ಚಕ್ರದ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ. ಕಾರು ನಿಂತಾಗ ಬ್ರೇಕ್ ಆಯಿಲ್ ನಿಧಾನಕ್ಕೆ ಕೆಳಗಿಳಿದು ವಾಪಸ್ ಬರುತ್ತದೆ. ಮರುದಿನ ಪೆಡಲ್ ಒತ್ತಿದರೆ ಮೊದಲ ಒತ್ತು ಸುಮ್ಮನೆ ನೆಲ ಮುಟ್ಟುತ್ತದೆ, ಎರಡನೆಯದಕ್ಕೆ ಹಿಡಿಯುತ್ತದೆ. ಇದಕ್ಕೆ ಪೈಪಿನ ನಡುವೆ ಸ್ವಲ್ಪ ಒತ್ತಡ ಹಿಡಿದಿಡುವ ಚಿಕ್ಕ ವಾಲ್ವ್ ಬೇಕು: ಡಿಸ್ಕ್‌ಗೆ 2 ಪಿಎಸ್‌ಐ, ಡ್ರಮ್‌ಗೆ 10 ಪಿಎಸ್‌ಐ. ಅದಲುಬದಲು ಮಾಡಿದರೆ ಡಿಸ್ಕ್ ಸದಾ ಉಜ್ಜಿಕೊಂಡು ಕಾಯುತ್ತದೆ. ಮಾಸ್ಟರ್ ಸಿಲಿಂಡರ್ ಎರಡು ಕೋಣೆಯದೇ ಇರಲಿ. ಒಂದು ಪೈಪು ಒಡೆದರೂ ಇನ್ನೊಂದು ಜೋಡಿ ಚಕ್ರ ಹಿಡಿಯುತ್ತದೆ. ಹಳೇ ಕಾಲದ ಒಂಟಿ ಕೋಣೆಯ ಸಿಲಿಂಡರನ್ನು 'ಅಸಲಿತನ'ದ ಹೆಸರಲ್ಲಿ ಉಳಿಸಿಕೊಳ್ಳುವವರ ವಾದ ನನಗೆ ಒಪ್ಪಿಗೆಯಿಲ್ಲ.

ತಪ್ಪು ಕಲ್ಪನೆ: ಫ್ಲಾಟ್‌ಹೆಡ್ ವಿ8 ಕುದಿಯುವುದು ಹಣೆಬರಹ, ದೊಡ್ಡ ರೇಡಿಯೇಟರ್ ಒಂದೇ ದಾರಿ

ವಾಸ್ತವ: ಹಳೇ ಎಂಜಿನ್ನನ್ನೇ ಉಳಿಸಿಕೊಳ್ಳುವವರು ಕೇಳುವ ಮೊದಲ ಹೆದರಿಕೆ ಇದು. ಹೆದರಿಕೆಗೆ ಕಾರಣವೂ ಇದೆ. ಫ್ಲಾಟ್‌ಹೆಡ್ ಎನ್ನುವ ಫೋರ್ಡಿನ ಈ ಹಳೇ ವಿ8 ಎಂಜಿನ್ನಿನಲ್ಲಿ ವಾಲ್ವುಗಳಿರುವುದು ಹೆಡ್ಡಿನಲ್ಲಲ್ಲ, ಬ್ಲಾಕಿನೊಳಗೆ, ಸಿಲಿಂಡರಿನ ಪಕ್ಕದಲ್ಲಿ. ಸುಟ್ಟ ಹೊಗೆ ನೇರ ಹೊರಗೆ ಹೋಗದೆ ಬ್ಲಾಕಿನ ನಡುವಿನಿಂದ, ತಂಪು ಮಾಡುವ ನೀರಿನ ಪಕ್ಕದಲ್ಲೇ ಹಾದು ಹೊರಬದಿಗೆ ಬರಬೇಕು. ಮೇಲಾಗಿ ಒಂದೊಂದು ಬದಿಯ ನಾಲ್ಕು ಸಿಲಿಂಡರಿಗೆ ಹೊರದಾರಿ ಮೂರೇ. ನಡುವಿನ ಎರಡು ಸಿಲಿಂಡರುಗಳು ಒಂದೇ ದಾರಿ ಹಂಚಿಕೊಳ್ಳುತ್ತವೆ, ಅಲ್ಲೇ ಕಾವು ಹೆಚ್ಚು. 1936ರವರೆಗಿನ ಎಂಜಿನ್ನುಗಳಲ್ಲಿ ಎರಡು ವಾಟರ್ ಪಂಪುಗಳೂ ಹೆಡ್ಡಿನ ಮೇಲೆ ಕೂತು ಬಿಸಿನೀರನ್ನು ಹೀರುತ್ತಿದ್ದವು. 1937ರಿಂದ ಅವನ್ನು ಕೆಳಗೆ ತಂದು ತಣ್ಣೀರನ್ನು ಒಳಗೆ ದೂಡುವಂತೆ ಮಾಡಿದರು, ಪರಿಸ್ಥಿತಿ ಸುಧಾರಿಸಿತು.

ಆದರೂ ಕುದಿಯುವ ಬಹಳಷ್ಟು ಎಂಜಿನ್ನುಗಳ ರೋಗ ವಿನ್ಯಾಸದ್ದಲ್ಲ, ಹೊಲಸಿನದು. ನೀರಿನ ಕೋಣೆಯಲ್ಲಿ ದಶಕಗಳ ತುಕ್ಕು ಕೆಸರಾಗಿ ತಳ ಕಟ್ಟಿರುತ್ತದೆ. ಅದರ ಕೆಳಗೆ ಕಾರ್ಖಾನೆಯಲ್ಲಿ ಎರಕ ಹೊಯ್ದಾಗ ಒಳಗೇ ಉಳಿದ ಮರಳು, ಅಚ್ಚನ್ನು ಹಿಡಿದಿದ್ದ ತಂತಿಯ ತುಂಡುಗಳು ಸಿಗುತ್ತವೆ. ಬ್ಲಾಕನ್ನು ತಲೆಕೆಳಗು ಮಾಡಿ, ತೂತುಗಳಲ್ಲಿ ಉದ್ದನೆಯ ಕಂಬಿ ಆಡಿಸಿ, ನೀರಿನ ಜೋರಿಗೆ ಹಿಡಿದರೆ ಕಂದು ರಾಡಿಯ ಜೊತೆ ಹಿಡಿಗಟ್ಟಲೆ ಮರಳು ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಬಹುದು. ಸಾಣೆ, ಬೋರಿಂಗ್‌ಗೆ ದುಡ್ಡು ಸುರಿಯುವ ಮೊದಲು ಬ್ಲಾಕಿನಲ್ಲಿ ಬಿರುಕಿದೆಯೇ ಎಂದು ಆಯಸ್ಕಾಂತದ ಪುಡಿ ಪರೀಕ್ಷೆ ಮಾಡಿಸಬೇಕು. ವಾಲ್ವಿನ ಕೂರುಜಾಗದಿಂದ ಸಿಲಿಂಡರಿನ ಕಡೆಗೆ ಕೂದಲೆಳೆಯ ಬಿರುಕು ಬಿಟ್ಟಿರುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಸ್ಪಾರ್ಕಿನ ಟೈಮಿಂಗ್ ತಡವಾಗಿದ್ದರೂ ಎಂಜಿನ್ ಕಾಯುತ್ತದೆ. ಇಷ್ಟೆಲ್ಲ ಸರಿಯಿದ್ದೂ ಕುದಿದರೆ ಆಗ ರೇಡಿಯೇಟರಿನ ಮಾತು.

ಇದಕ್ಕೆ ಅಂಟಿಕೊಂಡು ಬರುವ ಇನ್ನೊಂದು ಮಾತು, ಹಳೇ ಎಂಜಿನ್ನಿಗೆ ಸೀಸ ಬೆರೆಸಿದ ಪೆಟ್ರೋಲೇ ಬೇಕು ಎಂಬುದು. ಸಾದಾ ಫ್ಲಾಟ್‌ಹೆಡ್ಡಿಗೆ ಬೇಕಿಲ್ಲ. 1932ರ ಎಂಜಿನ್ನಿನ ಕಂಪ್ರೆಷನ್ ಬರೀ 5.5ಕ್ಕೆ 1; ಇವತ್ತಿನ ಅಗ್ಗದ ಪೆಟ್ರೋಲೂ ಅದಕ್ಕೆ ಮೃಷ್ಟಾನ್ನ. ಪೆಟ್ರೋಲಿನಲ್ಲಿ ಎಥೆನಾಲ್ ಸೇರಿರುವುದರಿಂದ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಮೆತ್ತಗಾಗಿ ಸೋರುತ್ತವೆ. ಚಿಂತಿಸಬೇಕಾದ್ದು ಅದಕ್ಕೆ.

ತಪ್ಪು ಕಲ್ಪನೆ: ಮೂರು ಕಾರ್ಬ್ಯುರೇಟರ್ ಎಂದರೆ ಮೂರು ಪಟ್ಟು ದಮ್ಮು

ವಾಸ್ತವ: ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರಿಗೆ ಆ ಹೆಸರು ಬಂದದ್ದು ಅದರ ಗಾಳಿಗಂಟಲಿನ ಅಳತೆ 0.97 ಅಂಗುಲ ಇರುವುದರಿಂದ. ಕ್ಯಾಮು, ಹೆಡ್ಡು, ಎಕ್ಸಾಸ್ಟು ಯಾವುದನ್ನೂ ಮುಟ್ಟದ ಎಂಜಿನ್ನಿಗೆ ಅಂಥ ಮೂರು ಕೂರಿಸಿದರೆ ಕೆಳ ವೇಗದಲ್ಲಿ ಉಸಿರುಗಟ್ಟಿ ಪೆಟ್ರೋಲ್ ಕುಡಿಯುತ್ತದೆ, ಅಷ್ಟೆ. ತಿಳಿದವರು ನಡುವಿನದೊಂದೇ ಓಡುವಂತೆ, ಆಕ್ಸಿಲರೇಟರ್ ಇನ್ನಷ್ಟು ಒತ್ತಿದಾಗ ಮಾತ್ರ ಉಳಿದೆರಡು ತೆರೆಯುವಂತೆ ಕಂಬಿ ಜೋಡಿಸುತ್ತಾರೆ.

ತಪ್ಪು ಕಲ್ಪನೆ: 6 ವೋಲ್ಟ್ ವೈರಿಂಗ್ ಕೆಲಸಕ್ಕೆ ಬಾರದ್ದು, ಕಂಡ ಕೂಡಲೇ 12ಕ್ಕೆ ಬದಲಿಸಿ

ವಾಸ್ತವ: ಫೋರ್ಡ್ 12 ವೋಲ್ಟ್‌ಗೆ ಬದಲಾದದ್ದು 1956ರ ಮಾಡೆಲ್‌ಗಳಲ್ಲಿ. ಅಲ್ಲಿಯವರೆಗೆ ಚಳಿನಾಡುಗಳಲ್ಲೂ 6 ವೋಲ್ಟೇ ಎಂಜಿನ್ನುಗಳನ್ನು ಎಬ್ಬಿಸಿದೆ. ಹಳೇ ಕಾರು ನರಳುತ್ತಾ ಸ್ಟಾರ್ಟ್ ಆಗುವುದಕ್ಕೆ ನಿಜವಾದ ಕಾರಣ ಬಹಳ ಸಲ ಬ್ಯಾಟರಿ ಕೇಬಲ್. ಲೆಕ್ಕ ಹಾಕಿ ನೋಡಿ. ಒಂದೇ ಶಕ್ತಿಗೆ 12 ವೋಲ್ಟಿನಲ್ಲಿ 100 ಆಂಪಿಯರ್ ಬೇಕಾದರೆ 6 ವೋಲ್ಟಿನಲ್ಲಿ 200 ಬೇಕು. ಕೇಬಲ್ಲು, ಜೋಡಣೆ ಎಲ್ಲ ಸೇರಿ ದಾರಿಯ ತಡೆ 0.005 ಓಮ್ ಎಂದುಕೊಳ್ಳಿ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಅಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. 6 ವೋಲ್ಟಿನಲ್ಲಿ ಒಂದು ವೋಲ್ಟ್ ಹೋಗುತ್ತದೆ, ಅಂದರೆ ಆರರಲ್ಲಿ ಒಂದು ಪಾಲು. ನಡುವೆ ಯಾರೋ ಹಳೇ ದಪ್ಪ ಕೇಬಲ್ ಬಿಸಾಕಿ ಅಂಗಡಿಯಲ್ಲಿ ಸಿಕ್ಕ 12 ವೋಲ್ಟಿನ ಸಣಕಲು ಕೇಬಲ್ ಹಾಕಿರುತ್ತಾರೆ, ಬೈಗುಳ ಬ್ಯಾಟರಿಗೆ ಬೀಳುತ್ತದೆ. ದಪ್ಪ ಕೇಬಲ್ ತಂದು, ಅರ್ತಿಂಗ್ ಕೂರುವ ಜಾಗದ ಬಣ್ಣ-ತುಕ್ಕು ಉಜ್ಜಿ ಹೊಳೆಯುವ ಲೋಹಕ್ಕೆ ಬಿಗಿದರೆ ಸ್ಟಾರ್ಟರ್ ಚುರುಕಾಗುತ್ತದೆ.

ಎ.ಸಿ., ಎಲೆಕ್ಟ್ರಿಕ್ ಫ್ಯಾನು, ಹೊಸ ಎಂಜಿನ್ನು ಬೇಕೆಂದರೆ 12 ವೋಲ್ಟ್ ಬೇಕೇ ಬೇಕು. ಆಗ ಒಂದು ಎಚ್ಚರ: ಆ ಕಾಲದ ಫೋರ್ಡುಗಳಲ್ಲಿ ಬಾಡಿಗೆ ಕಟ್ಟಿರುವುದು ಬ್ಯಾಟರಿಯ ಪಾಸಿಟಿವ್ ಕಡೆ. ಅದನ್ನು ಮರೆತು ಇಂದಿನ ಆಲ್ಟರ್ನೇಟರನ್ನೋ ರೇಡಿಯೋವನ್ನೋ ಸೇರಿಸಿದರೆ ಅದು ಸುಟ್ಟುಹೋಗಲು ಒಂದು ಕ್ಷಣ ಸಾಕು. ಬಟ್ಟೆ ಸುತ್ತಿದ ಹಳೇ ವೈರುಗಳನ್ನು ಮಾತ್ರ ಯಾವ ವೋಲ್ಟಿನಲ್ಲೂ ನಂಬಬೇಡಿ, ಪೂರ್ತಿ ತೆಗೆದು ಫ್ಯೂಸ್ ಸಹಿತ ಹೊಸದು ಎಳೆಯಿರಿ.

ತಪ್ಪು ಕಲ್ಪನೆ: ಪುಟ್ಟಿ ಹಚ್ಚಿದರೆ ಕಳ್ಳ ಕೆಲಸ

ವಾಸ್ತವ: ಪುಟ್ಟಿಯನ್ನು ಬೈಯುವವರು ಮರೆಯುವ ವಿಷಯ, ಕಾರ್ಖಾನೆಗಳೇ ತಗಡಿನ ಬೆಸುಗೆಗಳ ಮೇಲೆ ಸೀಸ ಸುರಿದು ಸಮ ಮಾಡುತ್ತಿದ್ದವು ಎಂಬುದು. ಸುತ್ತಿಗೆ, ಡಾಲಿ ಹಿಡಿದು ಟಿಂಕರಿಂಗ್ ಮಾಡಿ ತಗಡನ್ನು ಆದಷ್ಟು ಸಮ ಮಾಡಿದ ಮೇಲೆ ಎರಡು-ಮೂರು ಮಿಲಿಮೀಟರ್ ಪುಟ್ಟಿ ಹಚ್ಚುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ತುಕ್ಕು ತಿಂದ ತೂತಿನ ಮೇಲೆ ಮೆತ್ತುವುದರಲ್ಲಿ. ಪುಟ್ಟಿ ತೇವ ಹೀರುತ್ತದೆ, ಒಳಗಿನ ತುಕ್ಕಿಗೆ ಹಬ್ಬ. ಬಣ್ಣದ ಮೇಲೆ ಗುಳ್ಳೆ ಏಳುವ ಹೊತ್ತಿಗೆ ಕೆಳಗಿನ ತಗಡು ಕರಗಿರುತ್ತದೆ. ಕೊಳ್ಳುವಾಗ ಜೇಬಿನಲ್ಲೊಂದು ಚಿಕ್ಕ ಆಯಸ್ಕಾಂತ ಇಟ್ಟುಕೊಂಡು ಬಾಗಿಲ ಕೆಳಗಂಚು, ಹಿಂದಿನ ಮಡ್‌ಗಾರ್ಡಿನ ಬುಡದಲ್ಲಿ ಆಡಿಸಿ. ಹಿಡಿಯದ ಕಡೆ ಏನಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಟಾಪ್ ಇಳಿಸುವುದೆಂದರೆ ಕಂಬಗಳನ್ನು ಮೂರಂಗುಲ ಕೊಯ್ದು ಬೆಸೆಯುವುದು

ವಾಸ್ತವ: ಕೊಯ್ಯುವುದು ಒಂದು ದಿನದ ಕೆಲಸ. ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿರುವುದರಿಂದ ಟಾಪನ್ನು ಇಳಿಸಿದಾಗ ಮೇಲಿನ ತುದಿ ಕೆಳಗಿನ ತುದಿಗೆ ಕೂಡುವುದಿಲ್ಲ. ಟಾಪನ್ನು ಸೀಳಿ ಹಿಗ್ಗಿಸಬೇಕು, ಬಾಗಿಲಿನ ಚೌಕಟ್ಟನ್ನೂ ಅದಕ್ಕೆ ಹೊಂದಿಸಬೇಕು. ಗರಗಸ ಇಡುವ ಮೊದಲೇ ಒಳಗೆ ಕಬ್ಬಿಣದ ಪೈಪು ಅಡ್ಡಡ್ಡ ಬೆಸೆದು ಬಾಡಿಯ ಆಕಾರ ಕಟ್ಟಿಹಾಕದಿದ್ದರೆ ಬಾಗಿಲು ಇನ್ನೆಂದೂ ಮುಚ್ಚುವುದಿಲ್ಲ. 1932ರ ಫೋರ್ಡಿನಲ್ಲಿ ಒಂದು ಪುಣ್ಯ: ಗ್ಲಾಸುಗಳೆಲ್ಲ ಚಪ್ಪಟೆ. ಎರಡು ಪದರದ ಲ್ಯಾಮಿನೇಟೆಡ್ ಗ್ಲಾಸನ್ನು ಬೇಕಾದ ಅಳತೆಗೆ ಕೊಯ್ಯಿಸಿ ಹಾಕಿಸಬಹುದು. ನಂತರದ ಕಾರುಗಳ ಬಾಗಿದ ಟೆಂಪರ್ಡ್ ಗ್ಲಾಸಿಗೆ ಕೊಯ್ಯುವ ಚಕ್ರ ತಾಗಿದರೆ ಇಡೀ ಗ್ಲಾಸು ಹರಳು ಹರಳಾಗಿ ಉದುರುತ್ತದೆ.

ತಪ್ಪು ಕಲ್ಪನೆ: ಬಾಗಿಲು ತೆರೆದಿಟ್ಟು ಮಾಸ್ಕ್ ಹಾಕಿಕೊಂಡರೆ ಮನೆ ಗ್ಯಾರೇಜು ಸುರಕ್ಷಿತ

ವಾಸ್ತವ: ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡಲಾರೆ. ಹಳೇ ಬಣ್ಣದಲ್ಲಿ ಸೀಸವಿದೆ. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಅದು ಧೂಳಾಗಿ ಮನೆಯ ಮಕ್ಕಳ ತನಕ ಹೋಗುತ್ತದೆ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರುತ್ತದೆ; ಡ್ರಮ್ ಬಿಚ್ಚಿ ಗಾಳಿ ಹೊಡೆಯಬೇಡಿ, ಒದ್ದೆ ಮಾಡಿ ಒರೆಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಿ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು. ಗಟ್ಟಿಕಾರಕ ಬೆರೆಸುವ ಈಗಿನ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡ ಬೇಕು. ಅದಿಲ್ಲದವರು ಬಣ್ಣದ ಕೆಲಸವನ್ನು ಬೂತ್ ಇರುವ ಅಂಗಡಿಗೆ ಒಪ್ಪಿಸುವುದು ಮೇಲು.

ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಏಕೆಂದರೆ ಸಿಡಿಯುವುದು ಆವಿ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗುತ್ತದೆ. ಅಮೆರಿಕದ ಮನೆಗಳಲ್ಲಿ ಗ್ಯಾಸಿನ ನೀರೊಲೆಯನ್ನು ಎಷ್ಟೋ ಕಡೆ ಗ್ಯಾರೇಜಿನಲ್ಲೇ ಇಟ್ಟಿರುತ್ತಾರೆ. ಅದರ ಕಿಡಿ ನೆಲದಿಂದ 18 ಅಂಗುಲ ಎತ್ತರದಲ್ಲಿರಬೇಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುವುದು ಈ ಆವಿಗೆ ಹೆದರಿಯೇ. ಇನ್ನು, ಕಾರಿನಡಿ ಮಲಗುವಾಗ ಜಾಕನ್ನಾಗಲಿ ಟೊಳ್ಳು ಕಾಂಕ್ರೀಟ್ ಇಟ್ಟಿಗೆಯನ್ನಾಗಲಿ ನಂಬಬೇಡಿ, ಉಕ್ಕಿನ ಸ್ಟ್ಯಾಂಡ್ ಇಟ್ಟೇ ಮಲಗಿ.

ತಪ್ಪು ಕಲ್ಪನೆ: ಕೊನೆಗೆ ಮಾರಿದರೆ ಲಾಭ

ವಾಸ್ತವ: ಇಲ್ಲ. ಬಿಡಿಭಾಗದ ರಸೀದಿಗಳನ್ನು ಕೂಡಿಸಿ, ಕೂಲಿ ಲೆಕ್ಕಕ್ಕೇ ಹಿಡಿಯದಿದ್ದರೂ ಸಾಮಾನ್ಯವಾಗಿ ಕೈ ಕಚ್ಚುತ್ತದೆ. ಹರಾಜಿನಲ್ಲಿ ಭಾರಿ ಬೆಲೆ ಪಡೆಯುವವು ಹೆಸರಾಂತರು ಕಟ್ಟಿದ, ದಾಖಲೆಯುಳ್ಳ ಕಾರುಗಳು.

ತಪ್ಪು ಕಲ್ಪನೆ: ಅಮೆರಿಕದಲ್ಲಿ ಆಗುವುದಾದರೆ ಬೆಂಗಳೂರಿನಲ್ಲೂ ಆದೀತು

ವಾಸ್ತವ: ಕೈಚಳಕಕ್ಕೆ ನಮ್ಮಲ್ಲಿ ಕೊರತೆಯಿಲ್ಲ, ಅಡ್ಡ ಬರುವುದು ಕಾನೂನು. ಕಂಪನಿ ಮಾಡಿಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಖಚಿತಪಡಿಸಿತು. ಹಳೇ ವಾಹನಗಳಿಗೆಂದು ಕೇಂದ್ರ ಸರಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮ ತಂದಿದೆ: 50 ವರ್ಷ ದಾಟಿದ ಕಾರು, ಬೈಕುಗಳಿಗೆ 'ವಿಎ' ಅಕ್ಷರದ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆಂದು ರಸ್ತೆಗೆ ಇಳಿಸಬಹುದು; ದಿನನಿತ್ಯ ಓಡಿಸುವಂತಿಲ್ಲ. ಮುಖ್ಯ ಷರತ್ತು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಟಾಪ್ ಇಳಿಸಿ ಷೆವ್ರೊಲೆ ವಿ8 ಕೂರಿಸಿದ ಕಾರಿಗೆ ಈ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ತಾತನ ಕಾಲದ ಫೋರ್ಡೋ ಮಾರಿಸ್ಸೋ ಅಂಬಾಸಿಡರ್ರೋ ಮನೆಯ ಷೆಡ್ಡಿನಲ್ಲಿದ್ದರೆ ಅದನ್ನು ಇದ್ದಂತೆಯೇ ಸರಿಪಡಿಸಿ. ಎಂಜಿನ್ ಕೆಟ್ಟಿದೆಯೆಂದು ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇನೆಂದರೆ ಒಪ್ಪಬೇಡಿ. ಈಗಾಗಲೇ ಕಳಚಿಟ್ಟಿದ್ದರೆ ಮೂಲ ಎಂಜಿನ್ನನ್ನೂ ಆರ್.ಸಿ. ಪುಸ್ತಕವನ್ನೂ ಜೋಪಾನ ಮಾಡಿ. ಗುಜರಿಯವನು ಕೊಡುವ ನಾಲ್ಕು ಸಾವಿರಕ್ಕೆ ಆಸೆಪಟ್ಟರೆ ವಿಎ ನಂಬರ್ ಕೈತಪ್ಪುತ್ತದೆ.